ನೀಲಿ ಬಣ್ಣದ ಸಾಕ್ಷ್ಯವನ್ನು ಎಷ್ಟು ನಂಬಬೇಕು?
ಮೆಥಿಲೀನ್ ಬ್ಲೂ ಮತ್ತು ಅದರ ಬಂಧು ಬಣ್ಣಗಳ ಬಳಕೆ: ಒಂದು ವಿಮರ್ಶೆ

ಕೆಲವು ಸಮಯದ ಹಿಂದೆ ರಾಬರ್ಟ್‌ಸನ್‌ಪೇಟೆಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ವಿಜ್ಞಾನ ಯೋಜನೆಗಳನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂತಿಮ ಬಿ.ಎಸ್ಸಿ.ಯ ಮೂವರು ವಿದ್ಯಾರ್ಥಿನಿಯರು ಅಚ್ಚುಕಟ್ಟಾದ ಒಂದು ಪ್ರಯೋಗವನ್ನು ಮೇಜಿನ ಮೇಲೆ ಜೋಡಿಸಿದ್ದರು. ಎರಡು ಪ್ರನಾಳಗಳಲ್ಲಿ ಸಕ್ಕರೆ ಬೆರೆಸಿದ ಯೀಸ್ಟ್. ಎರಡಕ್ಕೂ ಒಂದೇ ಪ್ರಮಾಣದ ಮೆಥಿಲೀನ್ ಬ್ಲೂ. ಒಂದಕ್ಕೆ ಮಾತ್ರ ನೆಲ್ಲಿಕಾಯಿ ರಸ. ರಸವಿದ್ದ ಪ್ರನಾಳದಲ್ಲಿ ನೀಲಿ ಬಣ್ಣ ಮೊದಲು ಮಾಯವಾಗುತ್ತಿತ್ತು. ‘ನೆಲ್ಲಿಕಾಯಿ ಯೀಸ್ಟ್ ಕೋಶಗಳ ಜೀವಂತಿಕೆಯನ್ನು ಹೆಚ್ಚಿಸುತ್ತದೆ’ ಎಂದು ಫಲಕದ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಿದ್ದರು.

“ಯೀಸ್ಟ್ ಹಾಕದೆ, ಬರೀ ನೆಲ್ಲಿ ರಸಕ್ಕೆ ಬಣ್ಣ ಬೆರೆಸಿ ನೋಡಿದಿರೇನಮ್ಮ?” ಎಂದು ಕೇಳಿದೆ. ನೋಡಿರಲಿಲ್ಲ. ಅಲ್ಲೇ ಮೂರನೆಯ ಪ್ರನಾಳವೊಂದನ್ನು ತರಿಸಿ ಹಾಗೆ ಮಾಡಿದೆವು. ಪಕ್ಕದ ಮೇಜಿನ ಯೋಜನೆಯನ್ನು ನೋಡಿ ಬರುವಷ್ಟರಲ್ಲಿ ಅದರ ನೀಲಿಯೂ ಹೋಗಿತ್ತು. ಅದರಲ್ಲಿ ಜೀವವಿರುವ ಯೀಸ್ಟ್ ಒಂದು ಕಣವೂ ಇರಲಿಲ್ಲ.

“ಸರ್, ಹಾಗಾದರೆ ನಮ್ಮ ಪ್ರಯೋಗ ತಪ್ಪೇ?” ಎಂದು ಒಬ್ಬಾಕೆ ಬಾಡಿದ ಮುಖದಿಂದ ಕೇಳಿದಳು. ಪ್ರಯೋಗ ತಪ್ಪಲ್ಲ, ತೀರ್ಮಾನ ದೊಡ್ಡದಾಯಿತು ಎಂದು ಹೇಳಿ ಬಂದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವರು ಬಳಸಿದ ಪ್ರಯೋಗ ಕೈಪಿಡಿಯಲ್ಲಿ ಮೂರನೆಯ ಪ್ರನಾಳದ ಮಾತೇ ಇರಲಿಲ್ಲ. ಕೈಪಿಡಿಯಲ್ಲಿದ್ದ ಈ ಕೊರತೆ ಹಾಲಿನ ಪರೀಕ್ಷೆಯಿಂದ ಹಿಡಿದು ಕ್ಯಾನ್ಸರ್ ಔಷಧದ ಹುಡುಕಾಟದವರೆಗೆ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಓದುಗರೇ, ಜೀವರಸಾಯನ ಮತ್ತು ವೈದ್ಯಕೀಯ ಸಂಶೋಧನೆಗೆ ಈ ಬಣ್ಣಗಳು ಮಾಡಿರುವ ಉಪಕಾರ ದೊಡ್ಡದು. ಆದರೆ ಅವು ನುಡಿಯುವ ಸಾಕ್ಷ್ಯವನ್ನು ನಾವು ಸರಿಯಾಗಿ ಕೇಳಿಸಿಕೊಳ್ಳುತ್ತಿದ್ದೇವೆಯೇ ಎಂಬುದೇ ಈ ವಿಮರ್ಶೆಯ ವಿಷಯ.

ಬಣ್ಣಕ್ಕೆ ತಿಳಿದಿರುವುದು ಒಂದೇ ಸಂಗತಿ

ಮೆಥಿಲೀನ್ ಬ್ಲೂವನ್ನು 1876ರಲ್ಲಿ ಜರ್ಮನಿಯ ಹೈನ್ರಿಕ್ ಕಾರೊ ತಯಾರಿಸಿದನು. ಅವನಿಗೆ ಬೇಕಾಗಿದ್ದದ್ದು ಬಟ್ಟೆಗೆ ಹಾಕುವ ಬಣ್ಣ. ಅದರ ಅಣುವಿಗೆ ಎರಡು ಎಲೆಕ್ಟ್ರಾನುಗಳು ದೊರೆತರೆ, ಅಂದರೆ ಅದು ಅಪಕರ್ಷಣ ಹೊಂದಿದರೆ, ಬಣ್ಣವಿಲ್ಲದ ‘ಲ್ಯೂಕೊ’ ರೂಪಕ್ಕೆ ತಿರುಗುತ್ತದೆ. ಆ ಎಲೆಕ್ಟ್ರಾನುಗಳನ್ನು ಆಕ್ಸಿಜನ್ ಕಿತ್ತುಕೊಂಡರೆ, ಅಂದರೆ ಉತ್ಕರ್ಷಣವಾದರೆ, ಮತ್ತೆ ನೀಲಿಯಾಗುತ್ತದೆ. ಹೀಗೆ ಬಣ್ಣದ ಬದಲಾವಣೆಯ ಮೂಲಕ ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆಯನ್ನು ತೋರಿಸುವ ವಸ್ತುಗಳನ್ನು ರೆಡಾಕ್ಸ್ ಸೂಚಕಗಳೆಂದು ಕರೆಯುತ್ತೇವೆ.

ಇದನ್ನು ನೀವು ಕಾಲೇಜಿನ ಪ್ರಯೋಗಾಲಯದಲ್ಲಿ ‘ನೀಲಿ ಬಾಟಲಿ’ ಪ್ರಯೋಗವಾಗಿ ಕಂಡಿರಬಹುದು. ಗ್ಲೂಕೋಸ್, ಕಾಸ್ಟಿಕ್ ಸೋಡ ಮತ್ತು ಮೆಥಿಲೀನ್ ಬ್ಲೂ ಬೆರೆಸಿದ ನೀರನ್ನು ಅರ್ಧ ತುಂಬಿದ ಬಾಟಲಿಯಲ್ಲಿ ಸುಮ್ಮನೆ ಇಟ್ಟರೆ ಬಣ್ಣ ಹೋಗುತ್ತದೆ. ಕುಲುಕಿದರೆ ಮರಳಿ ಬರುತ್ತದೆ. ಗ್ಲೂಕೋಸ್ ಎಲೆಕ್ಟ್ರಾನು ಕೊಡುತ್ತದೆ, ಕುಲುಕಿದಾಗ ನೀರಿಗೆ ಸೇರಿದ ಆಕ್ಸಿಜನ್ ಅದನ್ನು ಒಯ್ಯುತ್ತದೆ. ಬಾಟಲಿಯಲ್ಲಿ ಜೀವವಿಲ್ಲ. ಆದರೂ ಬಣ್ಣ ಬರುತ್ತದೆ, ಹೋಗುತ್ತದೆ. ಈ ಬಾಟಲಿಯನ್ನು ಲೇಖನ ಮುಗಿಯುವವರೆಗೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಎಲೆಕ್ಟ್ರಾನು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ರೆಡಾಕ್ಸ್ ವಿಭವ ನಿರ್ಧರಿಸುತ್ತದೆ. ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ ಎಲೆಕ್ಟ್ರಾನು ಹೆಚ್ಚು ಋಣ ವಿಭವದಿಂದ ಹೆಚ್ಚು ಧನ ವಿಭವದ ಕಡೆಗೆ ಹೋಗುತ್ತದೆ. ಪಿಎಚ್ 7ರಲ್ಲಿ, ಜೀವಕೋಶದ ಎಲೆಕ್ಟ್ರಾನು ವಾಹಕವಾದ ಎನ್‌ಎಡಿಎಚ್‌ನ ವಿಭವ ಸುಮಾರು ಋಣ 320 ಮಿಲಿವೋಲ್ಟ್. ಮೆಥಿಲೀನ್ ಬ್ಲೂವಿನದು ಧನ 11. ಎಲೆಗಳ ದ್ಯುತಿಸಂಶ್ಲೇಷಣೆಯ ಪ್ರಯೋಗದಲ್ಲಿಯೂ ಸಿ ವಿಟಮಿನ್ನಿನ ಅಳತೆಯಲ್ಲಿಯೂ ಬಳಸುವ ಡಿಸಿಪಿಐಪಿ ಎಂಬ ನೀಲಿಯದು ಸುಮಾರು ಧನ 217. ಆಕ್ಸಿಜನ್ನಿನದು ಸುಮಾರು ಧನ 820. ಕೋಶದ ಎಲೆಕ್ಟ್ರಾನುಗಳು ಆಕ್ಸಿಜನ್ನಿನತ್ತ ಇಳಿಯುವ ದಾರಿಯ ನಡುವೆ ಈ ಬಣ್ಣಗಳು ನಿಂತಿವೆ. ಅವುಗಳ ಉಪಯೋಗದ ಗುಟ್ಟೆಲ್ಲ ಇಷ್ಟೆ.

ಆದರೆ ಭೌತವಿಜ್ಞಾನದ ವಿದ್ಯಾರ್ಥಿಗೆ ತಿಳಿದಿರುವ ಇನ್ನೊಂದು ಮಾತಿದೆ. ವಿಭವದ ಅಂತರವು ‘ಹರಿಯಬಹುದು’ ಎಂದು ಹೇಳುತ್ತದೆ, ‘ಎಷ್ಟು ಬೇಗ’ ಎಂದು ಹೇಳುವುದಿಲ್ಲ. ವೇಗವನ್ನು ನಿರ್ಧರಿಸುವುದು ಕಿಣ್ವಗಳು, ಉಷ್ಣತೆ, ಆಮ್ಲತೆ, ಕರಗಿದ ಆಕ್ಸಿಜನ್, ಬಣ್ಣದ ಸಾರತೆ ಮುಂತಾದವು. ‘ಯಾರಿಂದಲೋ ನನಗೆ ಎಲೆಕ್ಟ್ರಾನು ಬಂತು, ಇಷ್ಟು ಹೊತ್ತಿಗೆ ಬಂತು’ ಎಂದಷ್ಟೇ ಬಣ್ಣ ಹೇಳಬಲ್ಲದು. ಕೊಟ್ಟವರು ಯಾರು, ಅವರು ಜೀವಂತವೋ ಅಲ್ಲವೋ, ಎಷ್ಟು ಮಂದಿ ಎಂಬುದು ಅದಕ್ಕೆ ತಿಳಿಯದು. ಅದನ್ನು ಹೇಳುವವರು ನಾವು. ತಪ್ಪುವುದೂ ಅಲ್ಲಿಯೇ.

ಹಾಲಿನ ಕ್ಯಾನು ಮತ್ತು ಗಡಿಯಾರ

ಕೋಲಾರ ಜಿಲ್ಲೆ ಚಿನ್ನಕ್ಕೆ ಹೆಸರಾಗಿತ್ತು. ಗಣಿ ಮುಚ್ಚಿದ ಮೇಲೆ ಹಾಲು ಮತ್ತು ರೇಷ್ಮೆ ಉಳಿದಿವೆ. ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಹಾಲಿನ ಡೇರಿಯ ಮುಂದೆ ಸಾಲು ನಿಲ್ಲದ ದಿನವಿಲ್ಲ. ಹಾಲಿನ ಸೂಕ್ಷ್ಮಜೀವಿ ಗುಣಮಟ್ಟವನ್ನು ಅಳೆಯಲು ನಮ್ಮ ದೇಶದ ಹಾಲಿನ ಪ್ರಯೋಗಾಲಯಗಳು ದಶಕಗಳಿಂದ ನಂಬಿರುವುದು ಮೆಥಿಲೀನ್ ಬ್ಲೂ ಅಪಕರ್ಷಣ ಪರೀಕ್ಷೆಯನ್ನು. ವಿಧಾನ ಸುಲಭ. 10 ಮಿಲಿಲೀಟರ್ ಹಾಲಿಗೆ 1 ಮಿಲಿಲೀಟರ್ ಬಣ್ಣದ ದ್ರಾವಣ ಬೆರೆಸಿ, ಬಿರಡೆ ಹಾಕಿ, 37 ಡಿಗ್ರಿ ಸೆಲ್ಸಿಯಸ್ಸಿನ ವಾಟರ್ ಬಾತ್‌ನಲ್ಲಿ ಇಡುವುದು. ನೀಲಿ ಹೋಗಲು 5 ಗಂಟೆ ಅಥವಾ ಹೆಚ್ಚು ಹಿಡಿದರೆ ಹಾಲು ಅತ್ಯುತ್ತಮ; 3ರಿಂದ 4 ಗಂಟೆಯಾದರೆ ಉತ್ತಮ; 1ರಿಂದ 2 ಗಂಟೆಯಾದರೆ ಸಾಧಾರಣ; ಅರ್ಧ ಗಂಟೆಯೊಳಗೆ ಹೋದರೆ ಕಳಪೆ.

ಇದರ ಹಿರಿಮೆಯನ್ನು ಮೊದಲು ಒಪ್ಪಿಕೊಳ್ಳೋಣ. ಸೂಕ್ಷ್ಮದರ್ಶಕ ಬೇಡ, ಬ್ಯಾಕ್ಟೀರಿಯ ಬೆಳೆಸುವ ತಟ್ಟೆ ಬೇಡ, ಎರಡು ದಿನ ಕಾಯುವುದು ಬೇಡ. ಕೆಲವು ಪೈಸೆಯ ಬಣ್ಣ ಮತ್ತು ಒಂದು ಗಡಿಯಾರ ಸಾಕು. ಕ್ಯಾನುಗಳಲ್ಲಿ ಬೆಚ್ಚಗಿನ ಹಾಲು ಬರುತ್ತಿದ್ದ ಕಾಲದಲ್ಲಿ, ಬಣ್ಣ ಬೇಗ ಹೋಯಿತೆಂದರೆ ಹಾಲಿನಲ್ಲಿ ಬ್ಯಾಕ್ಟೀರಿಯ ವಿಪರೀತ ಬೆಳೆದಿವೆ ಎಂಬ ಊಹೆ ಬಹುಮಟ್ಟಿಗೆ ನಿಜವಾಗುತ್ತಿತ್ತು.

ಆದರೆ ‘ಬಣ್ಣ ಹೋಗುವ ವೇಗ ಬ್ಯಾಕ್ಟೀರಿಯಗಳ ಸಂಖ್ಯೆಯನ್ನು ತಿಳಿಸುತ್ತದೆ’ ಎಂದು ಪಠ್ಯಪುಸ್ತಕಗಳು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವುದು ಸರಿಯಲ್ಲ. ಮೊದಲನೆಯದಾಗಿ, ಹಾಲಿನಲ್ಲಿ ಕರಗಿದ ಆಕ್ಸಿಜನ್ ಮುಗಿಯುವವರೆಗೆ ನೀಲಿ ಹೋಗುವುದಿಲ್ಲ. ಆದ್ದರಿಂದ ಹಾಲನ್ನು ಜೋರಾಗಿ ಕುಲುಕಿದರೆ ಸಮಯ ಬದಲಾಗುತ್ತದೆ. ಎರಡನೆಯದಾಗಿ, ಎಲ್ಲ ಬ್ಯಾಕ್ಟೀರಿಯಗಳೂ ಒಂದೇ ವೇಗದಲ್ಲಿ ಎಲೆಕ್ಟ್ರಾನು ಕೊಡುವುದಿಲ್ಲ. ಮೂರನೆಯದಾಗಿ, ಕೆಚ್ಚಲು ಬಾವು ಬಂದ ಹಸುವಿನ ಹಾಲಿನಲ್ಲಿ ಬಿಳಿ ರಕ್ತಕಣಗಳು ಹೆಚ್ಚಿರುತ್ತವೆ. ಅವೂ ಬಣ್ಣವನ್ನು ಅಪಕರ್ಷಿಸಬಲ್ಲವು.

ಇವುಗಳಿಗಿಂತ ಮುಖ್ಯವಾದ ತೊಡಕು ಶೀತಲೀಕರಣದಿಂದ ಬಂದದ್ದು. ಈಗ ಹಳ್ಳಿ ಮಟ್ಟದಲ್ಲಿಯೇ ಬಲ್ಕ್ ಕೂಲರುಗಳಿವೆ. ತಣ್ಣನೆಯ ಹಾಲಿನಲ್ಲಿ ಬೆಳೆಯುವುದು ಶೀತಸಹಿಷ್ಣು ಬ್ಯಾಕ್ಟೀರಿಯ. 37 ಡಿಗ್ರಿಯಲ್ಲಿ ಅವುಗಳ ಅಪಕರ್ಷಣ ಶಕ್ತಿ ಕಡಿಮೆ. ಅವುಗಳ ಸಂಖ್ಯೆ ಹೆಚ್ಚಿದ್ದರೂ ನೀಲಿ ತಡವಾಗಿ ಹೋಗಬಹುದು. ಅವುಗಳಲ್ಲಿ ಕೆಲವು ಬಿಡುವ, ಕೊಬ್ಬು ಮತ್ತು ಪ್ರೋಟೀನುಗಳನ್ನು ಒಡೆಯುವ ಕಿಣ್ವಗಳು ಪಾಶ್ಚರೀಕರಣದ ಬಿಸಿಯನ್ನೂ ತಡೆದು ಉಳಿಯುತ್ತವೆ. ಹೀಗೆ, ಬೆಚ್ಚಗಿನ ಹಾಲಿಗೆಂದು ರೂಪಿಸಿದ ಗಡಿಯಾರವನ್ನು ತಣ್ಣನೆಯ ಹಾಲಿಗೆ ಬಳಸುತ್ತಿದ್ದೇವೆ.

ಇನ್ನೊಂದು ಸಂಗತಿ ಇನ್ನೂ ಕಸಿವಿಸಿಯದು. ಹಸುವಿಗೆ ಕೊಟ್ಟ ಪ್ರತಿಜೀವಕದ ಉಳಿಕೆ ಹಾಲಿನಲ್ಲಿದ್ದರೆ ಬ್ಯಾಕ್ಟೀರಿಯ ಬೆಳೆಯದೆ ನೀಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹೈಡ್ರೊಜನ್ ಪೆರಾಕ್ಸೈಡ್ ಅಥವಾ ಫಾರ್ಮಲಿನ್ ಬೆರೆಸಿದರೂ ಹಾಗೆಯೇ. ಅಂದರೆ ಕಲಬೆರಕೆಯ ಹಾಲು ‘ಅತ್ಯುತ್ತಮ’ ಎನಿಸಿಕೊಂಡು, ಬಿಸಿಲಿನಲ್ಲಿ ನಾಲ್ಕು ಮೈಲಿ ಸಾಗಿ ಬಂದ ಪ್ರಾಮಾಣಿಕನ ಹಾಲು ‘ಸಾಧಾರಣ’ ಆಗಬಹುದು. ಕುದಿಸಿ ನೋಡುವ ಪರೀಕ್ಷೆ, ಆಲ್ಕೋಹಾಲ್ ಪರೀಕ್ಷೆ, ಪ್ರತಿಜೀವಕ ಮತ್ತು ಕಲಬೆರಕೆಯ ಪರೀಕ್ಷೆಗಳು ಜೊತೆಗಿದ್ದರೆ ಮಾತ್ರ ಮೆಥಿಲೀನ್ ಬ್ಲೂ ಹೇಳುವುದಕ್ಕೆ ತೂಕ ಬರುತ್ತದೆ. ಒಂಟಿಯಾಗಿ ಅದನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಬಾರದು. ಅದು ಸಾಕ್ಷಿ ಮಾತ್ರ.

ಒಳ್ಳೆಯ ಪ್ರಶ್ನೆಗೆ ಒಳ್ಳೆಯ ಉತ್ತರ

ಬಣ್ಣದ ಮಿತಿಯನ್ನು ಅರಿತು ಬಳಸಿದವರು ಎಂಥ ಫಲ ಪಡೆದರು ಎಂಬುದನ್ನೂ ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸ್ವೀಡನ್ನಿನ ಥಾರ್ಸ್ಟನ್ ಥುನ್‌ಬರ್ಗ್ ತನ್ನ ಹೆಸರಿನಿಂದಲೇ ಪ್ರಸಿದ್ಧವಾದ ಪ್ರನಾಳವನ್ನು ಬಳಕೆಗೆ ತಂದನು. ಅದರೊಳಗಿನ ಗಾಳಿಯನ್ನು ಪಂಪಿನಿಂದ ತೆಗೆಯಬಹುದಿತ್ತು. ಆಕ್ಸಿಜನ್ನೆಂಬ ಸ್ಪರ್ಧಿ ಇಲ್ಲದಂತೆ ಮಾಡಿ, ಅಂಗಾಂಶದ ಸಾರಕ್ಕೆ ಬೇರೆ ಬೇರೆ ಆಮ್ಲಗಳನ್ನು ಒಂದೊಂದಾಗಿ ಸೇರಿಸಿ, ಯಾವುದನ್ನು ಸೇರಿಸಿದಾಗ ಮೆಥಿಲೀನ್ ಬ್ಲೂ ಬೇಗ ಬಣ್ಣ ಕಳೆದುಕೊಳ್ಳುತ್ತದೆ ಎಂದು ಅವನು ನೋಡಿದನು. ಡಿಹೈಡ್ರೊಜಿನೇಸ್ ಎಂಬ ಕಿಣ್ವಗಳ ಅಧ್ಯಯನ ಬೆಳೆದದ್ದು ಹೀಗೆ.

1928ರಲ್ಲಿ ಕ್ವಾಸ್ಟೆಲ್ ಮತ್ತು ವುಲ್ಡ್ರಿಡ್ಜ್ ಇದೇ ವಿಧಾನದಿಂದ ಒಂದು ಸೊಗಸಾದ ಸಂಗತಿಯನ್ನು ತೋರಿಸಿದರು. ಸಕ್ಸಿನಿಕ್ ಆಮ್ಲವನ್ನು ಉತ್ಕರ್ಷಿಸುವ ಕಿಣ್ವಕ್ಕೆ, ರೂಪದಲ್ಲಿ ಅದನ್ನೇ ಹೋಲುವ ಮೆಲೋನಿಕ್ ಆಮ್ಲವನ್ನು ಕೊಟ್ಟರೆ ಕಿಣ್ವದ ಕೆಲಸ ತಡೆಯುತ್ತದೆ. ಸ್ಪರ್ಧಾತ್ಮಕ ತಡೆ ಎಂದು ಇಂದು ಪ್ರತಿ ಔಷಧವಿಜ್ಞಾನದ ವಿದ್ಯಾರ್ಥಿಯೂ ಓದುವ ವಿಷಯದ ಮೇಲ್ಪಂಕ್ತಿಯ ಉದಾಹರಣೆ ಅದು. ಇಲ್ಲಿ ಗಮನಿಸಿ: ಅವರು ಬಣ್ಣವನ್ನು ‘ಜೀವವಿದೆಯೇ’ ಎಂದು ಕೇಳಲಿಲ್ಲ. ‘ಈ ಒಂದು ವಸ್ತುವನ್ನು ಬದಲಿಸಿದರೆ ಎಲೆಕ್ಟ್ರಾನಿನ ಹರಿವು ಬದಲಾಗುತ್ತದೆಯೇ’ ಎಂದು ಕೇಳಿದರು. ಬಣ್ಣಕ್ಕೆ ಉತ್ತರಿಸಲು ಬರುವ ಪ್ರಶ್ನೆ ಅದೇ.

ಸೈನೈಡ್ ದಿಬ್ಬದ ನೆರಳಿನಲ್ಲಿ

ರಾಬರ್ಟ್‌ಸನ್‌ಪೇಟೆಯಿಂದ ಗಣಿಗಳ ಕಡೆಗೆ ಹೋದರೆ ಕಣ್ಣಿಗೆ ಬೀಳುವುದು ಬೂದು-ಹಳದಿ ಬಣ್ಣದ ದಿಬ್ಬಗಳು. ಊರಿನವರು ಸೈನೈಡ್ ದಿಬ್ಬ ಎನ್ನುತ್ತಾರೆ. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ಅದು. ಒಟ್ಟು ಮೂರು ಕೋಟಿ ಟನ್ನಿಗೂ ಮಿಗಿಲು. ಚಿನ್ನ ತನ್ನ ಎಲೆಕ್ಟ್ರಾನನ್ನು ಸುಲಭವಾಗಿ ಬಿಡದ ಲೋಹ. ಆದರೆ ಸೈನೈಡ್ ದ್ರಾವಣದಲ್ಲಿ ಅದು ಗಾಳಿಯ ಆಕ್ಸಿಜನ್ನಿಗೆ ಎಲೆಕ್ಟ್ರಾನು ಕೊಟ್ಟು ಕರಗುತ್ತದೆ. ಆ ದ್ರಾವಣಕ್ಕೆ ಸತುವಿನ ಪುಡಿ ಹಾಕಿದರೆ ಸತುವು ಎಲೆಕ್ಟ್ರಾನು ಕೊಟ್ಟು ಚಿನ್ನವನ್ನು ಮರಳಿ ಲೋಹವಾಗಿಸುತ್ತದೆ. ಕೋಲಾರದ ಚಿನ್ನದ ಉದ್ಯಮವೇ ಒಂದು ದೊಡ್ಡ ರೆಡಾಕ್ಸ್ ಪ್ರಯೋಗವಾಗಿತ್ತು.

ವಿಚಿತ್ರವೆಂದರೆ, ಹೊರಗೆ ಚಿನ್ನದ ಎಲೆಕ್ಟ್ರಾನು ಆಕ್ಸಿಜನ್ನಿಗೆ ಸೇರಲು ನೆರವಾಗುವ ಸೈನೈಡ್, ದೇಹದೊಳಗೆ ಎಲೆಕ್ಟ್ರಾನು ಆಕ್ಸಿಜನ್ನಿಗೆ ಸೇರದಂತೆ ತಡೆಯುತ್ತದೆ. ಕೋಶದ ಉಸಿರಾಟದ ಕೊನೆಯ ಮೆಟ್ಟಿಲಾದ ಸೈಟೊಕ್ರೋಮ್ ಆಕ್ಸಿಡೇಸ್ ಕಿಣ್ವದ ಕಬ್ಬಿಣಕ್ಕೆ ಅದು ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಆಕ್ಸಿಜನ್ ಇದ್ದೂ ಕೋಶ ಉಸಿರುಗಟ್ಟುತ್ತದೆ.

ಇಲ್ಲಿಯೂ ಮೆಥಿಲೀನ್ ಬ್ಲೂವಿನ ಕಥೆಯೊಂದಿದೆ. ಸೈನೈಡಿನಿಂದ ಉಸಿರಾಟ ನಿಂತ ಕೋಶಗಳಿಗೆ ಈ ಬಣ್ಣವನ್ನು ಕೊಟ್ಟರೆ ಅವು ಮತ್ತೆ ಆಕ್ಸಿಜನ್ ಬಳಸತೊಡಗುವುದು ಪ್ರಯೋಗಗಳಲ್ಲಿ ಕಂಡುಬಂದಿತ್ತು. ಬಣ್ಣವು ಮುಚ್ಚಿದ ಬಾಗಿಲನ್ನು ಬಳಸಿ ಹೋಗುವ ಅಡ್ಡದಾರಿಯಾಗುತ್ತದೆ: ಕೋಶದಿಂದ ಎಲೆಕ್ಟ್ರಾನು ಪಡೆದು ನೇರವಾಗಿ ಆಕ್ಸಿಜನ್ನಿಗೆ ಕೊಡುತ್ತದೆ. 1932ರಲ್ಲಿ ಅಮೆರಿಕದ ಮಟಿಲ್ಡಾ ಬ್ರೂಕ್ಸ್ ಇದನ್ನು ಸೈನೈಡಿನ ಪ್ರತಿವಿಷವೆಂದು ಸೂಚಿಸಿದರು. ಮರುವರ್ಷವೇ ಬೇರೆ ಸಂಶೋಧಕರು ನೈಟ್ರೈಟ್ ಮತ್ತು ಥಯೋಸಲ್ಫೇಟ್‌ಗಳ ಜೋಡಿ ಇದಕ್ಕಿಂತ ಮೇಲೆಂದು ತೋರಿಸಿದರು. ನೈಟ್ರೈಟು ರಕ್ತದ ಹೀಮೊಗ್ಲೋಬಿನ್ನಿನ ಒಂದಂಶವನ್ನು ಮೆಥೆಮೊಗ್ಲೋಬಿನ್ ಆಗಿಸುತ್ತದೆ. ಅದರ ಕಬ್ಬಿಣ ಸೈನೈಡನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಹೆಚ್ಚು ಪ್ರಮಾಣದ ಮೆಥಿಲೀನ್ ಬ್ಲೂ ಕೂಡ ಮೆಥೆಮೊಗ್ಲೋಬಿನ್ ಉಂಟುಮಾಡಬಲ್ಲದು. ಹಾಗಾದರೆ ಬ್ರೂಕ್ಸ್ ಕಂಡ ಫಲಕ್ಕೆ ಅಡ್ಡದಾರಿಯೇ ಕಾರಣವೋ, ಮೆಥೆಮೊಗ್ಲೋಬಿನ್ನೋ ಎಂದು ವಾದ ನಡೆಯಿತು. ಆಕ್ಸಿಜನ್ ಬಳಕೆ ಮರಳಿತು ಎಂಬುದು ಜೀವ ಉಳಿಯಿತು ಎಂಬುದಕ್ಕೆ ಸಮನಲ್ಲ. ಅಡ್ಡದಾರಿಯಲ್ಲಿ ಹೋದ ಎಲೆಕ್ಟ್ರಾನು ಕೋಶಕ್ಕೆ ಬೇಕಾದ ಶಕ್ತಿಯನ್ನು ಪೂರ್ತಿಯಾಗಿ ಕೊಡದೆ ಹೋಗಬಹುದು. ಆ ಪ್ರತಿವಿಷ ಹಿಂದೆ ಸರಿಯಿತು.

ಅದೇ ಬಣ್ಣ ಇನ್ನೊಂದು ಕಡೆ ಗೆದ್ದಿತು. ಕೆಲವು ಔಷಧ ಮತ್ತು ರಾಸಾಯನಿಕಗಳಿಂದ ರಕ್ತದಲ್ಲಿ ಮೆಥೆಮೊಗ್ಲೋಬಿನ್ ಹೆಚ್ಚಿ ರೋಗಿ ನೀಲಿಗಟ್ಟಿದಾಗ, ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 1ರಿಂದ 2 ಮಿಲಿಗ್ರಾಂ ಮೆಥಿಲೀನ್ ಬ್ಲೂವನ್ನು ವೈದ್ಯರು ರಕ್ತನಾಳಕ್ಕೆ ಕೊಡುತ್ತಾರೆ. ಕೆಂಪು ರಕ್ತಕಣದ ಕಿಣ್ವವೊಂದು ಬಣ್ಣವನ್ನು ಲ್ಯೂಕೊ ರೂಪಕ್ಕೆ ತರುತ್ತದೆ; ಲ್ಯೂಕೊ ರೂಪವು ಹೀಮೊಗ್ಲೋಬಿನ್ನಿನ ಕಬ್ಬಿಣಕ್ಕೆ ಎಲೆಕ್ಟ್ರಾನು ಮರಳಿಸುತ್ತದೆ. ಆದರೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ ಈ ಸರಪಳಿ ನಡೆಯುವುದಿಲ್ಲ, ರಕ್ತಕಣಗಳೇ ಒಡೆಯಬಹುದು. ಪ್ರಮಾಣ ಮೀರಿದರೆ ಔಷಧವೇ ರೋಗವನ್ನು ತರುತ್ತದೆ. ಒಂದೇ ಅಣು, ಎರಡು ದಿಕ್ಕಿನ ಕೆಲಸ. ಎಲೆಕ್ಟ್ರಾನು ಕೊಡುವುದೋ ಪಡೆಯುವುದೋ ಎಂಬುದು ಸುತ್ತಲಿನ ಪರಿಸ್ಥಿತಿಗೆ ಬಿಟ್ಟದ್ದು.

ಗಣಿಯವರ ಶ್ವಾಸಕೋಶ ಮತ್ತು ಗುಲಾಬಿ ಗುಳಿಗಳು

ಮೆಥಿಲೀನ್ ಬ್ಲೂವಿನ ಬಂಧುಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ರಿಸಾಜುರಿನ್. ಇದೂ ಹಾಲಿನ ಪರೀಕ್ಷೆಯ ಮೂಲಕವೇ ಹೆಸರಾಯಿತು; 1929ರಲ್ಲಿ ಪೆಶ್ ಮತ್ತು ಸಿಮರ್ಟ್ ಅದನ್ನು ಹಾಲಿಗೆ ಬಳಸಿದರು. 1990ರ ದಶಕದಲ್ಲಿ ‘ಅಲಮಾರ್ ಬ್ಲೂ’ ಎಂಬ ವ್ಯಾಪಾರದ ಹೆಸರಿನಿಂದ ಅದು ಜೀವಕೋಶ ಪ್ರಯೋಗಾಲಯಗಳಿಗೆ ಹೊಸದಾಗಿ ಬಂದಿತು. ಆ ಬಾಟಲಿಯಲ್ಲಿರುವುದು ಹಳೆಯ ರಿಸಾಜುರಿನ್ನೇ ಎಂದು ಓಬ್ರಯನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಎಷ್ಟೋ ಸಂಶೋಧಕರು ತಾವು ಬಳಸುತ್ತಿದ್ದ ವಸ್ತು ಯಾವುದೆಂದು ತಿಳಿಯದೆಯೇ ಅದರ ಫಲಿತಾಂಶಗಳನ್ನು ಬರೆಯುತ್ತಿದ್ದರು! ಮಾಪಕದ ಒಳಗೇನಿದೆ ಎಂದು ತಿಳಿಯದೆ ಅಳೆಯಲು ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ನಾವು ವಿದ್ಯಾರ್ಥಿಗಳಿಗೆ ಅವಕಾಶ ಕೊಡುವುದಿಲ್ಲ.

ರಿಸಾಜುರಿನ್ ನೀಲಿ, ಪ್ರತಿದೀಪ್ತಿ ತೀರ ಕಡಿಮೆ. ಎಲೆಕ್ಟ್ರಾನು ಪಡೆದಾಗ ಅದು ಗುಲಾಬಿ ಬಣ್ಣದ, ಪ್ರಖರವಾಗಿ ಪ್ರತಿದೀಪ್ತಿಸುವ ರಿಸೊರುಫಿನ್ ಆಗುತ್ತದೆ. ಈ ಮೊದಲ ಹೆಜ್ಜೆ ಹಿಂದಿರುಗದಂಥದು.

ಇದರ ಒಂದು ಬಳಕೆ ಕೆ.ಜಿ.ಎಫ್.ನವರಿಗೆ ಹತ್ತಿರದ್ದು. ಬೆಣಚುಕಲ್ಲಿನ ಧೂಳನ್ನು ವರ್ಷಗಟ್ಟಲೆ ಉಸಿರಾಡಿದ ಗಣಿ ಕಾರ್ಮಿಕರ ಶ್ವಾಸಕೋಶಗಳಲ್ಲಿ ಸಿಲಿಕೋಸಿಸ್ ಬೇರೂರಿತ್ತು. ನಮ್ಮ ದೇಶದಲ್ಲಿ ಈ ರೋಗದ ಮೊದಮೊದಲ ವರದಿಗಳು ಬಂದದ್ದೇ ಕೋಲಾರದ ಗಣಿಗಳಿಂದ, 1940ರ ದಶಕದಲ್ಲಿ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ತಗಲುತ್ತದೆ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆದರೆ ಶ್ವಾಸಕೋಶದ ಧೂಳು ಗಣಿಯ ಜೊತೆ ಮುಚ್ಚಿಹೋಗುವಂಥದಲ್ಲ.

ಕ್ಷಯದ ಬ್ಯಾಕ್ಟೀರಿಯ ಬಹಳ ನಿಧಾನವಾಗಿ ಬೆಳೆಯುತ್ತದೆ. ಔಷಧಕ್ಕೆ ಅದು ಬಗ್ಗುತ್ತದೋ ಇಲ್ಲವೋ ಎಂದು ಹಳೆಯ ವಿಧಾನದಿಂದ ತಿಳಿಯಲು ವಾರಗಟ್ಟಲೆ ಬೇಕು. 2002ರಲ್ಲಿ ಪಾಲೊಮಿನೊ ಮತ್ತು ಸಂಗಡಿಗರು ರಿಸಾಜುರಿನ್ ಬಳಸುವ ಅಗ್ಗದ ವಿಧಾನವೊಂದನ್ನು ವಿವರಿಸಿದರು. 96 ಪುಟ್ಟ ಗುಳಿಗಳ ತಟ್ಟೆಯಲ್ಲಿ ಔಷಧವನ್ನು ಬೇರೆ ಬೇರೆ ಸಾರತೆಗಳಲ್ಲಿಟ್ಟು, ರೋಗಿಯಿಂದ ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯವನ್ನು ಸೇರಿಸಿ, ಸುಮಾರು ಒಂದು ವಾರದ ನಂತರ ಬಣ್ಣ ಹಾಕುವುದು. ನೀಲಿ ಉಳಿದ ಗುಳಿಯಲ್ಲಿ ಔಷಧ ಗೆದ್ದಿದೆ. ಗುಲಾಬಿಯಾದ ಗುಳಿಯಲ್ಲಿ ಬ್ಯಾಕ್ಟೀರಿಯ ಗೆದ್ದಿದೆ. ದುಬಾರಿ ಯಂತ್ರವಿಲ್ಲದೆ ಕಣ್ಣಿನಿಂದಲೇ ಓದಬಹುದು. ವಿಶ್ವ ಆರೋಗ್ಯ ಸಂಸ್ಥೆ 2011ರ ನೀತಿ ಹೇಳಿಕೆಯಲ್ಲಿ ಇಂತಹ ವರ್ಣಸೂಚಕ ವಿಧಾನಗಳನ್ನು ಉನ್ನತ ಮಟ್ಟದ ಪ್ರಯೋಗಾಲಯಗಳಲ್ಲಿ, ಮಧ್ಯಂತರ ಪರಿಹಾರವಾಗಿ, ಷರತ್ತುಗಳೊಡನೆ ಬಳಸಬಹುದೆಂದು ಒಪ್ಪಿತು. ಆಮೇಲೆ ರಿಫಾಂಪಿಸಿನ್ ನಿರೋಧವನ್ನು ಕೆಲವೇ ಗಂಟೆಗಳಲ್ಲಿ ಹೇಳುವ ವಂಶವಾಹಿ ಪರೀಕ್ಷೆಗಳು ಹರಡಿ, ಇದರ ಅಗತ್ಯ ಕಡಿಮೆಯಾಗಿದೆ.

ಈ ಪರೀಕ್ಷೆ ನಂಬಿಕೆಗೆ ಅರ್ಹವಾದದ್ದು ಹೇಗೆ? ತಟ್ಟೆಯಲ್ಲಿ ಔಷಧವಿಲ್ಲದ ಗುಳಿ ಇದೆ. ಬ್ಯಾಕ್ಟೀರಿಯವಿಲ್ಲದ ಗುಳಿ ಇದೆ. ಔಷಧಕ್ಕೆ ಬಗ್ಗುತ್ತದೆಂದು ಮೊದಲೇ ತಿಳಿದಿರುವ ತಳಿಯ ಗುಳಿಯೂ ಇದೆ. ಔಷಧವಿಲ್ಲದ ಗುಳಿ ಗುಲಾಬಿಯಾಗದಿದ್ದರೆ, ಬ್ಯಾಕ್ಟೀರಿಯವಿಲ್ಲದ ಗುಳಿ ನೀಲಿಯಾಗಿ ಉಳಿಯದಿದ್ದರೆ ಇಡೀ ತಟ್ಟೆಯನ್ನು ತಿರಸ್ಕರಿಸಬೇಕು. ಬೇರೆ ಸೂಕ್ಷ್ಮಜೀವಿ ಸೇರಿಕೊಂಡರೂ ಗುಳಿ ಗುಲಾಬಿಯಾಗುತ್ತದೆ ಎಂಬ ಎಚ್ಚರವೂ ಇರಬೇಕು. ಇಲ್ಲಿ ತಪ್ಪಿದರೆ ಒಬ್ಬ ರೋಗಿ ಕೆಲಸ ಮಾಡದ ಔಷಧವನ್ನು ತಿಂಗಳುಗಟ್ಟಲೆ ನುಂಗುತ್ತಾನೆ.

‘ಜೀವಂತಿಕೆ ಪರೀಕ್ಷೆ’ ಎಂಬ ಹೆಸರಿನ ಮೇಲೆ ಆಕ್ಷೇಪಣೆ

ನನ್ನ ಮುಖ್ಯ ಆಕ್ಷೇಪಣೆ ಇರುವುದು ಇಷ್ಟು ಎಚ್ಚರವಿಲ್ಲದ ಕಡೆಗೆ. ಗಿಡಮೂಲಿಕೆಯ ರಸವೊಂದನ್ನು ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಬಣ್ಣ ಬೆರೆಸಿ, ‘ಇಷ್ಟು ಶೇಕಡ ಕೋಶಗಳು ಸತ್ತವು’ ಎಂದು ಬರೆಯುವ ಪ್ರಬಂಧಗಳನ್ನು ನೀವು ಓದಿರಬಹುದು. ಹೆಚ್ಚಾಗಿ ಬಳಸುವುದು ರಿಸಾಜುರಿನ್, ಇಲ್ಲವೇ 1983ರಲ್ಲಿ ಮೋಸ್ಮನ್ ಪರಿಚಯಿಸಿದ ಎಂಟಿಟಿ. ಎಂಟಿಟಿ ಹಳದಿ, ಎಲೆಕ್ಟ್ರಾನು ಪಡೆದಾಗ ನೇರಳೆ ಹರಳುಗಳಾಗುತ್ತದೆ.

ಇವನ್ನು ನಾವು ಕನ್ನಡದಲ್ಲಿ ‘ಜೀವಂತಿಕೆ ಪರೀಕ್ಷೆ’ ಎಂದು ಕರೆಯುತ್ತ ಬಂದಿದ್ದೇವೆ. ಹೆಸರೇ ದಾರಿ ತಪ್ಪಿಸುತ್ತದೆ. ಕೋಶ ಬದುಕಿದ್ದೂ ಅದರ ಚಯಾಪಚಯ ನಿಧಾನವಾದರೆ ಬಣ್ಣ ಕಡಿಮೆ ಬರುತ್ತದೆ. ಔಷಧವು ಕೋಶವನ್ನು ಕೊಲ್ಲದೆ ಅದರ ವಿಭಜನೆಯನ್ನಷ್ಟೇ ತಡೆದರೂ ಕಡಿಮೆ ಬರುತ್ತದೆ. ಮೈಟೊಕಾಂಡ್ರಿಯದ ಆರೋಗ್ಯವನ್ನು ಎಂಟಿಟಿ ಅಳೆಯುತ್ತದೆ ಎಂದು ಹಲವು ಪುಸ್ತಕಗಳು ಹೇಳುತ್ತವೆ. ಆದರೆ ಅದರ ಅಪಕರ್ಷಣದ ಹೆಚ್ಚಿನ ಭಾಗ ಮೈಟೊಕಾಂಡ್ರಿಯದ ಹೊರಗೆ ನಡೆಯುತ್ತದೆಂದು ನ್ಯೂಜಿಲೆಂಡಿನ ಬೆರಿಡ್ಜ್ ಮತ್ತು ಟ್ಯಾನ್ 1993ರಲ್ಲಿಯೇ ತೋರಿಸಿದರು. ಗಿಡಗಳ ಸಾರಗಳು ಮತ್ತು ಉತ್ಕರ್ಷಣ ನಿರೋಧಕಗಳು ಕೋಶವಿಲ್ಲದೆಯೇ ಎಂಟಿಟಿಯನ್ನು ಅಪಕರ್ಷಿಸುತ್ತವೆ ಎಂಬ ಎಚ್ಚರಿಕೆ 2002ರಲ್ಲಿ ಪ್ರಕಟವಾಗಿದೆ. ರಾಬರ್ಟ್‌ಸನ್‌ಪೇಟೆಯ ನೆಲ್ಲಿ ರಸದ ಕಥೆ ಇದೇ. ಸತ್ತ ಕೋಶಗಳನ್ನು ಬದುಕಿವೆ ಎಂದು ಎಣಿಸುವ ಅಪಾಯ ಇಲ್ಲಿದೆ.

ಇದಕ್ಕೆ ಎದುರಾದ ತಪ್ಪೂ ಸಾಧ್ಯ. ಗುಲಾಬಿಯ ರಿಸೊರುಫಿನ್ ಇನ್ನೂ ಎಲೆಕ್ಟ್ರಾನು ಪಡೆದರೆ ಬಣ್ಣವೂ ಪ್ರತಿದೀಪ್ತಿಯೂ ಇಲ್ಲದ ರೂಪಕ್ಕೆ ಹೋಗುತ್ತದೆ. ಹೆಚ್ಚು ಕೋಶಗಳಿದ್ದು, ಹೆಚ್ಚು ಹೊತ್ತು ಬಿಟ್ಟರೆ, ಅತ್ಯಂತ ಚುರುಕಾದ ಗುಳಿಯೇ ಮಂಕಾಗಿ ಕಾಣುತ್ತದೆ. ಯಂತ್ರ ಕೊಟ್ಟ ಅಂಕಿಯನ್ನು ಮಾತ್ರ ನೋಡುವವನು ಅಲ್ಲಿ ಸಾವನ್ನು ಓದುತ್ತಾನೆ.

ಬಣ್ಣ ತಾನೇ ಪ್ರಯೋಗವನ್ನು ಬದಲಿಸುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ರೋಧ ಕಡಿಮೆಯಿರುವ ವೋಲ್ಟ್‌ಮೀಟರನ್ನು ಮಂಡಲಕ್ಕೆ ಜೋಡಿಸಿದರೆ ಅಳೆಯಬೇಕಾದ ವೋಲ್ಟೇಜೇ ಇಳಿಯುವುದು ನಿಮಗೆ ಗೊತ್ತು. ಎಲೆಕ್ಟ್ರಾನನ್ನು ಅಳೆಯಲು ಹೋದ ಬಣ್ಣವು ಕೋಶದ ಎಲೆಕ್ಟ್ರಾನನ್ನೇ ಕಸಿಯುತ್ತದೆ. ಬೆಳಕು ಬಿದ್ದಾಗ ಮೆಥಿಲೀನ್ ಬ್ಲೂ ಕೋಶಗಳಿಗೆ ಹಾನಿ ಮಾಡುವ ಕ್ರಿಯಾಶೀಲ ಆಕ್ಸಿಜನ್ನನ್ನೂ ಉತ್ಪಾದಿಸುತ್ತದೆ.

ದೊಡ್ಡ ವೈದ್ಯಕೀಯ ಅಧ್ಯಯನಗಳೂ ಇಂತಹ ತೊಡಕಿನಿಂದ ಹೊರತಲ್ಲ. ಮೆಥಿಲೀನ್ ಬ್ಲೂವಿನ ಅಪಕರ್ಷಿತ ರೂಪವನ್ನು ಅಲ್ಜೈಮರ್ ಕಾಯಿಲೆಗೆ ಕೊಟ್ಟು ನೋಡಿದ, 891 ಮಂದಿ ಭಾಗವಹಿಸಿದ ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಈ ಔಷಧ ಮೂತ್ರಕ್ಕೆ ಬಣ್ಣ ತರುವುದರಿಂದ, ಯಾರಿಗೆ ಔಷಧ ಸಿಕ್ಕಿದೆ ಎಂಬ ಗುಟ್ಟು ರಟ್ಟಾಗದಿರಲು ಹೋಲಿಕೆಯ ಗುಂಪಿಗೂ ದಿನಕ್ಕೆರಡು ಬಾರಿ 4 ಮಿಲಿಗ್ರಾಂ ಕೊಟ್ಟಿದ್ದರು. ಹೆಚ್ಚು ಪ್ರಮಾಣ ಪಡೆದವರಿಗೂ ಹೋಲಿಕೆಯ ಗುಂಪಿಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆ ಅಲ್ಪ ಪ್ರಮಾಣವೇ ಕೆಲಸ ಮಾಡಿರಬಹುದು ಎಂಬ ವಾದ ಆಮೇಲೆ ಹುಟ್ಟಿತು. ಔಷಧವೇ ಇಲ್ಲದ ಗುಂಪೊಂದು ಇರದಿದ್ದುದರಿಂದ ಆ ಅಧ್ಯಯನದಿಂದಲೇ ಈ ವಾದಕ್ಕೆ ಉತ್ತರ ಸಿಗದು. ಖಾಲಿ ಪ್ರನಾಳವಿಲ್ಲದ ಪ್ರಯೋಗದ ಗತಿ ಇದು.

ಚಾಂಪಿಯನ್ ರೀಫ್ ಕಲಿಸುವ ಪಾಠ

ಖಾಲಿ ಪ್ರನಾಳದ ಬಗ್ಗೆ ಭೌತವಿಜ್ಞಾನಿಯೊಬ್ಬ ಇಷ್ಟು ಹಟ ಹಿಡಿಯುವುದೇಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಈ ಊರಿನ ನೆಲದಡಿಯಲ್ಲೇ ಇದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಒಸಾಕ ಮತ್ತು ಡರ್ಹಮ್ ವಿಶ್ವವಿದ್ಯಾಲಯದವರೊಡನೆ ಕೂಡಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೊಗಳನ್ನು ಪತ್ತೆ ಮಾಡಿದರು. ಅಷ್ಟು ಆಳಕ್ಕೆ, ಆ ಬಿಸಿಗೆ ಅವರು ಇಳಿದದ್ದೇಕೆ? ನ್ಯೂಟ್ರಿನೊ ಕೆಳಗೆ ಹೆಚ್ಚು ಸಿಗುತ್ತದೆಂದಲ್ಲ; ವಿಶ್ವಕಿರಣದ ಮ್ಯುಯಾನುಗಳೆಂಬ ಹಿನ್ನೆಲೆಯ ಗದ್ದಲ ಅಲ್ಲಿ ತೀರ ಕಡಿಮೆಯಾಗುತ್ತದೆಂದು. ಕಂಡ ಘಟನೆಗಳು ಬೆರಳೆಣಿಕೆಯಷ್ಟಾದರೂ ಜಗತ್ತು ನಂಬಿತು. ಹಿನ್ನೆಲೆ ಎಷ್ಟೆಂದು ಅವರು ಮೊದಲೇ ಅಳೆದಿದ್ದರು. ಬಣ್ಣದ ಪ್ರಯೋಗದಲ್ಲಿ ನಮ್ಮ ಹಿನ್ನೆಲೆಯನ್ನು ಅಳೆಯಲು ಎರಡು ಕಿಲೋಮೀಟರ್ ಇಳಿಯಬೇಕಾಗಿಲ್ಲ. ಒಂದು ಹೆಚ್ಚಿನ ಪ್ರನಾಳ ಸಾಕು.

ಆದ್ದರಿಂದ, ಬಣ್ಣದ ಪರೀಕ್ಷೆಯ ಫಲಿತಾಂಶವೊಂದು ನಿಮ್ಮ ಕೈಗೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿ. ಕೋಶವಿಲ್ಲದೆ, ಪರೀಕ್ಷಿಸುವ ವಸ್ತು ಮತ್ತು ಬಣ್ಣ ಮಾತ್ರ ಇದ್ದ ಪ್ರನಾಳ ಏನಾಯಿತು? ಬಣ್ಣ ಬದಲಾದದ್ದನ್ನು ಒಂದೇ ಸಲ ನೋಡಿದರೋ, ಹಲವು ಸಮಯಗಳಲ್ಲಿ ಅಳೆದರೋ? ಉಷ್ಣತೆ, ಪಿಎಚ್, ಗಾಳಿಯ ಸಂಪರ್ಕ, ಬೆಳಕು ಎಲ್ಲ ಪ್ರನಾಳಗಳಿಗೂ ಒಂದೇ ಆಗಿತ್ತೋ? ಬಣ್ಣವನ್ನು ಅವಲಂಬಿಸದ ಇನ್ನೊಂದು ವಿಧಾನ, ಉದಾಹರಣೆಗೆ ಕೋಶಗಳ ನೇರ ಎಣಿಕೆ, ಅದೇ ಮಾತನ್ನು ಹೇಳಿತೋ? ನಾಲ್ಕಕ್ಕೂ ಉತ್ತರವಿದ್ದರೆ ತೀರ್ಮಾನವನ್ನು ಒಪ್ಪಬಹುದು. ‘ಜೀವಂತಿಕೆ’ ಎಂಬ ಪದವನ್ನು ಕೈಬಿಟ್ಟು ‘ಅಪಕರ್ಷಣ ವೇಗದ ಪರೀಕ್ಷೆ’ ಎಂದು ನಮ್ಮ ಪುಸ್ತಕಗಳು ಬರೆದರೆ ಅರ್ಧ ತಪ್ಪು ಅಲ್ಲಿಯೇ ನಿಲ್ಲುತ್ತದೆ. ಹೆಸರು ಸ್ವಲ್ಪ ಒರಟು, ಆದರೆ ಸುಳ್ಳಲ್ಲ.

ಆ ದಿನ ಸಂಜೆ ಹೊರಡುವ ಮುನ್ನ ಮತ್ತೆ ಆ ಮೇಜಿನ ಬಳಿಗೆ ಹೋದೆ. ವಿದ್ಯಾರ್ಥಿನಿಯರು ಫಲಕದ ಹಳೆಯ ವಾಕ್ಯದ ಮೇಲೆ ಕಾಗದ ಅಂಟಿಸಿ ಹೊಸದಾಗಿ ಬರೆದಿದ್ದರು: ‘ನೆಲ್ಲಿ ರಸ ಮೆಥಿಲೀನ್ ಬ್ಲೂವನ್ನು ಅಪಕರ್ಷಿಸುತ್ತದೆ. ಯೀಸ್ಟಿನ ಮೇಲೆ ಅದರ ಪರಿಣಾಮವನ್ನು ಈ ಪ್ರಯೋಗದಿಂದ ಹೇಳಲಾಗದು.’ ಪಕ್ಕದಲ್ಲಿ ಬಣ್ಣ ಕಳೆದುಕೊಂಡ ಮೂರನೆಯ ಪ್ರನಾಳವೂ ನಿಂತಿತ್ತು. ಆ ಎರಡು ವಾಕ್ಯಗಳಿಗೆ ನಾನು ಪೂರ್ಣ ಅಂಕಗಳನ್ನು ಕೊಟ್ಟೆ.